ಮಧ್ಯಾಹ್ನದ ಉಪಗ್ರಹ, ಸಂಜೆಯ ಬೆಂಕಿ

ಪಂಜಾಬಿನ ರೈತರು ಭತ್ತದ ಕೂಳೆ ಸುಡುವುದು ಕಡಿಮೆಯಾಗಿದೆಯಂತೆ. ಸರ್ಕಾರದ ಲೆಕ್ಕ ನೋಡಿ: 2021ರ ಹಂಗಾಮಿನಲ್ಲಿ ಉಪಗ್ರಹದ ಕಣ್ಣಿಗೆ ಬಿದ್ದ ಬೆಂಕಿ 71,304. 2023ರಲ್ಲಿ 36,663. 2024ರಲ್ಲಿ ಬರೀ 10,909! ಹಾಗಾದರೆ ಅದೇ 2024ರ ನವೆಂಬರಿನಲ್ಲಿ ದಿಲ್ಲಿ ಜನ ಉಸಿರು ಕಟ್ಟಿ ಕೂತದ್ದು ಯಾಕೆ ಸ್ವಾಮೀ?

ದಿಲ್ಲಿಯ ಹೊಗೆಗೆ ವಾಹನ, ಕಾರ್ಖಾನೆ, ಧೂಳು ಎಲ್ಲವೂ ಪಾಲುದಾರರು. ಒಪ್ಪೋಣ. ಆದರೆ ಬೆಂಕಿಯ ಲೆಕ್ಕದಲ್ಲೇ ಒಂದು ತೂತಿದೆ.

ಬೆಂಕಿ ಎಣಿಸಲು ಹೆಚ್ಚಾಗಿ ನಂಬಿರುವ ಅಮೆರಿಕದ ಉಪಗ್ರಹಗಳು ಎಂಟುನೂರು ಚಿಲ್ಲರೆ ಕಿಲೋಮೀಟರ್ ಮೇಲೆ ಸುತ್ತುತ್ತವೆ. ಹಗಲು ಒಂದೂವರೆ, ರಾತ್ರಿ ಒಂದೂವರೆ ಸುಮಾರಿಗೆ ತಲೆಯ ಮೇಲೆ ಹಾಯ್ದು ಹೋದರೆ ಮುಗಿಯಿತು. ತೂಕ-ಅಳತೆಯ ಸಾಹೇಬರು ಬರುವ ದಿನ ಮೊದಲೇ ಗೊತ್ತಾದರೆ ಪೇಟೆಯ ತಕ್ಕಡಿಗಳೆಲ್ಲ ಎಷ್ಟು ನೇರವಾಗಿ ನಿಲ್ಲುತ್ತವೆ ಅಂತ ಅಂಗಡಿಯವರಿಗೆ ನಾವು ಹೇಳಬೇಕೇ?

ನಾಸಾದ ವಿಜ್ಞಾನಿ ಹಿರೇನ್ ಜೇಥ್ವಾ 2024ರಲ್ಲಿ ಇದನ್ನೇ ಎತ್ತಿ ಹಿಡಿದರು. ಅವರು ನೋಡಿದ್ದು ದಕ್ಷಿಣ ಕೊರಿಯಾದ ಉಪಗ್ರಹದ ಚಿತ್ರಗಳನ್ನು. ಅದು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಒಂದೇ ಕಡೆ ನಿಂತು, ಹತ್ತು ನಿಮಿಷಕ್ಕೊಮ್ಮೆ ನೋಡುತ್ತದೆ. ಮಧ್ಯಾಹ್ನದ ಉಪಗ್ರಹ ದಾಟಿದ ಮೇಲೂ ಬೆಂಕಿ ಹಚ್ಚುತ್ತಿರುವುದು ಅದರಲ್ಲಿ ಕಂಡಿತು. ಅಷ್ಟು ದೂರದಿಂದ ಸಣ್ಣ ಬೆಂಕಿ ಕಾಣುವುದಿಲ್ಲ, ಅದು ಬೇರೆ ತೊಂದರೆ.

ರೈತನನ್ನು ಕಳ್ಳ ಅನ್ನುವ ಮುಂಚೆ ಅವನ ಪಾಡನ್ನೂ ಕೇಳಬೇಕು. ನಮ್ಮ ಕಡೆ ಕೈಯಲ್ಲಿ ಕೊಯ್ದ ಹುಲ್ಲು ಬಣವೆ ಸೇರಿ ದನಕ್ಕಾಗುತ್ತದೆ. ಅಲ್ಲಿ ಕಟಾವು ಯಂತ್ರ ತೆನೆ ಕೊಯ್ದುಕೊಂಡು ಕೂಳೆ ಬಿಟ್ಟು ಹೋಗುತ್ತದೆ. ಅಂತರ್ಜಲ ಉಳಿಸಲೆಂದು 2009ರಲ್ಲಿ ತಂದ ಕಾನೂನು ನಾಟಿಯನ್ನು ಜೂನ್ ತಿಂಗಳಿಗೆ ತಳ್ಳಿತು. ಕಟಾವೂ ತಡವಾಯಿತು. ಗೋಧಿ ಬಿತ್ತನೆಗೆ ಮೊದಲು ಸಿಗುವುದು ಎರಡು-ಮೂರು ವಾರ. ಗದ್ದೆ ತೆರವು ಮಾಡಲು ಬಾಡಿಗೆ ಯಂತ್ರಕ್ಕೆ ದುಡ್ಡು ಸುರಿಯಬೇಕು, ಬೆಂಕಿಕಡ್ಡಿಗೆ ಎಷ್ಟಾಗುತ್ತದೆ?

ಇನ್ನು ದಂಡ. 2024ರ ನವೆಂಬರಿನಲ್ಲಿ ಕೇಂದ್ರ ಅದನ್ನು ಇಮ್ಮಡಿ ಮಾಡಿತು: ಎರಡು ಎಕರೆಯೊಳಗೆ 5,000, ಐದು ಎಕರೆ ದಾಟಿದರೆ 30,000 ರೂಪಾಯಿ. ಉಪಗ್ರಹ ತೋರಿಸಿದ ಗದ್ದೆಗೆ ಅಧಿಕಾರಿ ಹೋಗುತ್ತಾರೆ. ಅಂದರೆ ಒಂದು ಗಂಟೆಗೆ ಕಡ್ಡಿ ಗೀರಿದವನ ಮನೆಗೆ ನೋಟೀಸು, ಸಂಜೆ ಐದಕ್ಕೆ ಗೀರಿದ ಪಕ್ಕದ ಗದ್ದೆಯವನು ನಿಶ್ಚಿಂತೆ. ಇದು ಯಾವ ನ್ಯಾಯ?

ಜ್ವಾಲೆ ಎಣಿಸುವ ಬದಲು ಸುಟ್ಟ ನೆಲ ಅಳೆಯಬಹುದು. ಯುರೋಪಿನ ಸೆಂಟಿನೆಲ್ ಉಪಗ್ರಹಗಳು ಐದು ದಿನಕ್ಕೊಮ್ಮೆ ಅದೇ ಗದ್ದೆಯ ಮೇಲೆ ಹಾಯುತ್ತವೆ. ಹತ್ತು ಮೀಟರಿನ ತುಂಡನ್ನೂ ಗುರುತಿಸುತ್ತವೆ. ಕಪ್ಪಾದ ಗದ್ದೆಯನ್ನು ಉತ್ತು ಬಿತ್ತುವುದರೊಳಗೆ ನೋಡಿದರಾಯಿತು.