ಗ್ರೀನ್ ಕಾರ್ಡಿನ ಸರದಿ

ಮೈಸೂರಿನ ತಾಯಿಯೊಬ್ಬರ ಪತ್ರ ಈ ವಾರ ನನ್ನ ಮುಂದಿದೆ. ಮಗ ಡಾಕ್ಟರು, ಅಮೆರಿಕದ ಆಸ್ಪತ್ರೆಯೊಂದರಲ್ಲಿ ರೆಸಿಡೆನ್ಸಿ ತರಬೇತಿಯ ಎರಡನೆಯ ವರ್ಷದಲ್ಲಿದ್ದಾನೆ. ಪಕ್ಕದ ಮನೆಯ ಹುಡುಗ ಕಂಪ್ಯೂಟರ್ ಕಂಪೆನಿ ಸೇರಿದ ವರ್ಷವೇ ಕಂಪೆನಿಯವರು ಅವನ ಗ್ರೀನ್ ಕಾರ್ಡಿಗೆ ಅರ್ಜಿ ಹಾಕಿದರಂತೆ. “ಹಗಲಿರುಳು ದುಡಿಸಿಕೊಳ್ಳುವ ಆಸ್ಪತ್ರೆಯವರಿಗೆ ನನ್ನ ಮಗನ ಮೇಲೆ ಅಷ್ಟೂ ದಯೆಯಿಲ್ಲವೆ? ಕಾರ್ಡು ಬರುವವರೆಗೆ ಮದುವೆಯ ಮಾತೇ ಬೇಡವೆನ್ನುತ್ತಾನೆ” ಎಂದು ಆಕೆ ನೊಂದು ಬರೆದಿದ್ದಾರೆ.

ತಾಯಿ, ಆಸ್ಪತ್ರೆಯವರ ಕೈ ಕಟ್ಟಿದೆ. ಉದ್ಯೋಗದ ಮೂಲಕ ಗ್ರೀನ್ ಕಾರ್ಡು ಪಡೆಯುವ ಸಾಮಾನ್ಯ ಮಾರ್ಗದಲ್ಲಿ, ಕೆಲಸ ಕೊಡುವವರು ಮೊದಲು ಅಲ್ಲಿನ ಕಾರ್ಮಿಕ ಇಲಾಖೆಗೆ ಎರಡು ಮಾತು ತೋರಿಸಿಕೊಡಬೇಕು: ಹುದ್ದೆ ಕಾಯಂ ಆದದ್ದು, ಜಾಹೀರಾತು ಕೊಟ್ಟರೂ ಅದಕ್ಕೆ ತಕ್ಕ ಅಮೆರಿಕನ್ನರು ದೊರೆಯಲಿಲ್ಲ. ರೆಸಿಡೆನ್ಸಿಯಾದರೋ ಅವಧಿ ಗೊತ್ತಾದ ಶಿಕ್ಷಣ. ಇಂಟರ್ನಲ್ ಮೆಡಿಸಿನ್‌ಗೆ ೩ ವರ್ಷ, ಮಿದುಳಿನ ಶಸ್ತ್ರಚಿಕಿತ್ಸೆಗೆ ೭ ವರ್ಷ. ಅವಧಿ ತೀರಿದ ದಿನ ಹುದ್ದೆಯೂ ತೀರಿತು. ಅದನ್ನು ಕಾಯಂ ಎನ್ನುವುದು ಹೇಗೆ?

ಮುಂದೆ ಕೆಲಸ ಕೊಡಲಿರುವವರು ಈಗಲೇ ಅರ್ಜಿ ಹಾಕಬಾರದೆ? ಹುದ್ದೆಗೆ ತರಬೇತಿ ಮುಗಿದಿರಬೇಕೆಂಬ ನಿಯಮವಿದ್ದರೆ, ಅರ್ಜಿಯ ದಿನಕ್ಕೇ ಅದು ಮುಗಿದಿರಬೇಕು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಲು ಆ ಇಲಾಖೆ ಒಪ್ಪುವುದಿಲ್ಲ.

ಮಗನ ವೀಸಾ ಯಾವುದೆಂದು ಮೊದಲು ಕೇಳಿರಿ. ಜೆ-೧ ಆಗಿದ್ದರೆ, ತರಬೇತಿಯ ನಂತರ ೨ ವರ್ಷ ಸ್ವದೇಶದಲ್ಲಿರಬೇಕೆಂಬ ಕಟ್ಟುಪಾಡಿದೆ. ಅದು ತೀರದೆ ಕಾರ್ಡು ಕೈಗೆ ಬಾರದು. ಇದಕ್ಕೆ ವಿನಾಯಿತಿ ಕೊಡಲು ನಾರ್ತ್ ಡಕೋಟದ ಸೆನೆಟರ್ ಕೆಂಟ್ ಕಾನ್ರಾಡರ ಹೆಸರಿನ ಯೋಜನೆಯೊಂದು ೧೯೯೪ರಲ್ಲಿ ಬಂದಿತು. ಅಲ್ಲಿನ ಕಾಂಗ್ರೆಸ್ಸು ಕಾಲಕಾಲಕ್ಕೆ ಅದನ್ನು ಮುಂದುವರಿಸುತ್ತ ಬಂದಿದೆ. ವೈದ್ಯರ ಕೊರತೆಯಿರುವ ಪ್ರದೇಶದಲ್ಲಿ ೩ ವರ್ಷ ದುಡಿಯಲು ಒಪ್ಪಿದವರಿಗೆ ಕಟ್ಟುಪಾಡು ಸಡಿಲವಾಗುತ್ತದೆ. ಒಂದೊಂದು ರಾಜ್ಯಕ್ಕೆ ವರ್ಷಕ್ಕೆ ೩೦ ಮಂದಿಗೆ ಮಾತ್ರ ಅವಕಾಶ. ಎಚ್-೧ಬಿ ವೀಸಾದಲ್ಲಿಯೇ ಹೋದವರಿಗೆ ಈ ತೊಡಕಿಲ್ಲ. ಆದರೆ ೬ ವರ್ಷದ ಗಡಿಯಿದೆ. ರೆಸಿಡೆನ್ಸಿಗೆ ೩, ಹೃದ್ರೋಗದ ವಿಶೇಷ ಶಿಕ್ಷಣಕ್ಕೆ ೩ ಕಳೆದರೆ ಲೆಕ್ಕ ಮುಗಿಯಿತು.

ಇನ್ನು ಸರದಿಯ ಸಂಗತಿ. ಉದ್ಯೋಗದ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು ೧,೪೦,೦೦೦ ಕಾರ್ಡುಗಳು. ಒಂದು ದೇಶದಲ್ಲಿ ಹುಟ್ಟಿದವರಿಗೆ ಸಾಮಾನ್ಯವಾಗಿ ಶೇಕಡಾ ೭ರ ಮಿತಿ. ಭಾರತೀಯ ವೈದ್ಯರು ನಿಲ್ಲುವ ಸಾಲು ೧೦ ವರ್ಷವನ್ನೂ ಮೀರಿದೆ. ಅರ್ಜಿ ಸಲ್ಲಿಸಿದ ತಾರೀಖೇ ಆ ಸಾಲಿನ ಟೋಕನ್ನು. ಅರ್ಜಿ ಮಂಜೂರಾಗಿ ಸರದಿ ಬಾರದಿದ್ದರೆ, ಎಚ್-೧ಬಿ ವೀಸಾವನ್ನು ೬ ವರ್ಷದಾಚೆಗೂ ಮೂರು ಮೂರು ವರ್ಷ ಬೆಳೆಸಬಹುದು. ಕೊರತೆಯ ಪ್ರದೇಶದಲ್ಲಿ ೫ ವರ್ಷ ಸೇವೆಗೆ ಒಪ್ಪುವ ವೈದ್ಯರಿಗೆ ೧೯೯೯ರ ಕಾನೂನು ಮತ್ತೊಂದು ದಾರಿ ತೆರೆದಿದೆ. ಅಲ್ಲಿ ಕಾರ್ಮಿಕ ಇಲಾಖೆಯ ಪರೀಕ್ಷೆಯಿಲ್ಲ. ಸಾಲಿನಲ್ಲಿ ನಿಲ್ಲುವುದು ಮಾತ್ರ ತಪ್ಪದು.

ಆದುದರಿಂದ ಈಗಿನ ಆಸ್ಪತ್ರೆಯನ್ನು ದೂರುವುದು ಬೇಡ. ತರಬೇತಿಯ ಕಡೆಯ ವರ್ಷ ಹೊಸ ಕೆಲಸದ ಕರಾರಿಗೆ ಸಹಿ ಹಾಕುವ ಮುನ್ನ, ಅರ್ಜಿಯನ್ನು ಯಾವಾಗ ಸಲ್ಲಿಸುವರೆಂಬುದನ್ನು ಬರವಣಿಗೆಯಲ್ಲಿ ಪಡೆದು, ವಲಸೆ ಕಾನೂನು ಬಲ್ಲ ವಕೀಲರಿಗೆ ತೋರಿಸುವಂತೆ ಮಗನಿಗೆ ಹೇಳಿರಿ. ಒಂದು ತಿಂಗಳು ತಡವಾದರೆ ಟೋಕನ್ನೂ ಒಂದು ತಿಂಗಳು ಹಿಂದೆ ಬೀಳುತ್ತದೆ.

ಮದುವೆಯ ವಿಚಾರದಲ್ಲಂತೂ ನಿಮ್ಮ ಮಗನ ಲೆಕ್ಕ ತಲೆಕೆಳಗಾಗಿದೆ. ಕಾರ್ಡು ಬರುವುದಕ್ಕೆ ಮುಂಚೆ ಕೈಹಿಡಿದ ಹೆಂಡತಿ ಗಂಡನ ಸರದಿಯಲ್ಲೇ ಸೇರಬಹುದು; ಬಂದ ಮೇಲೆ ಕೈಹಿಡಿದವಳಿಗೆ ಬೇರೆಯ ಸಾಲು, ಬೇರೆಯ ಕಾಯುವಿಕೆ. ಈ ಮಾತನ್ನು ಅವನಿಗೆ ಬರೆದು ತಿಳಿಸಿರಿ. ಕಾರ್ಡು ನಿಧಾನವಾಗಿ ಬರಲಿ. ಸೊಸೆ ಮೊದಲು ಬರಲಿ.