ಹಸಿರು ಚೀಟಿ ವಿದೇಶಕ್ಕೆ, ಕಪ್ಪು ಲೆಕ್ಕ ಬಾತಿಗೆ

ಚಿತ್ರದುರ್ಗ, ಜಗಳೂರು, ಹರಪನಹಳ್ಳಿಯ ಗಾಳಿಯನ್ನು ಡಾಲರಿಗೆ ಮಾರಬಹುದು ಎಂಬ ಹುರುಪಿನ ಬರಹಗಳು ವಾಣಿಜ್ಯ ಪುಟಗಳಲ್ಲಿ ಹೆಚ್ಚುತ್ತಿವೆ. ಐ–ಆರ್‌ಇಸಿ ಎಂಬ ಅಂತರರಾಷ್ಟ್ರೀಯ ಹಸಿರು ವಿದ್ಯುತ್ ಪ್ರಮಾಣಪತ್ರ (ಚೀಟಿ) ವಿತರಿಸುವ ಮಾನ್ಯತೆ ಇಂಡಿಯನ್ ಎನರ್ಜಿ ಎಕ್ಸ್‌ಚೇಂಜಿನ ಅಂಗಸಂಸ್ಥೆಗೇ ಸಿಕ್ಕ ಮೇಲೆ ಈ ಹುರುಪು ಇಮ್ಮಡಿಸಿದೆ. ಈಗಿನ ಸ್ಥಿತಿಯಲ್ಲಿ ಈ ಮಾರಾಟ ಕರ್ನಾಟಕಕ್ಕೆ ನಷ್ಟದ ಬಾಬತ್ತು. ಮಾರಾಟ ತಪ್ಪೆಂದಲ್ಲ, ಏನನ್ನು ಮಾರುತ್ತಿದ್ದೇವೆ ಎಂಬ ಲೆಕ್ಕವನ್ನೇ ನಾವು ಇಟ್ಟಿಲ್ಲ.

ಗಿರಾಕಿ ಯಾರೆಂದು ಮೊದಲು ನೋಡಿ. ಜರ್ಮನಿಯ ಕಂಪನಿ ತನ್ನ ಜರ್ಮನಿಯ ಕಾರ್ಖಾನೆಯ ಬಳಕೆಗೆ ಚಿತ್ರದುರ್ಗದ ಚೀಟಿ ತೋರಿಸುವಂತಿಲ್ಲ. ಚೀಟಿ ಮತ್ತು ಬಳಕೆ ಒಂದೇ ಮಾರುಕಟ್ಟೆಯ ಗಡಿಯೊಳಗಿರಬೇಕು ಎಂದು, ಕಂಪನಿಗಳ ಇಂಗಾಲ ಲೆಕ್ಕಕ್ಕೆ ದಾರಿ ತೋರುವ 2015ರ ಜಿಎಚ್‌ಜಿ ಪ್ರೋಟೊಕಾಲ್ ಮಾರ್ಗಸೂಚಿಯೂ ಹೇಳುತ್ತದೆ, ಪೂರ್ತಿ ಹಸಿರು ವಿದ್ಯುತ್ತಿಗೆ ಪಣತೊಟ್ಟ ಕಂಪನಿಗಳ ಆರ್‌ಇ100 ಕೂಟವೂ ಹೇಳುತ್ತದೆ. ಅಂದಮೇಲೆ ವಿದೇಶಿ ದುಡ್ಡು ಬರುವುದು ಭಾರತದೊಳಗಿನ ಬಳಕೆಗೇ: ಆ ಕಂಪನಿಯ ಇಲ್ಲಿನ ಕಚೇರಿಗೆ, ಇಲ್ಲವೇ ಅದಕ್ಕೆ ಸರಕು ಕೊಡುವ ಇಲ್ಲಿನ ಕಾರ್ಖಾನೆಗೆ. ದಾವಣಗೆರೆ ಪಕ್ಕದ ಬಾತಿ ಗುಡ್ಡದಿಂದ ಪಶ್ಚಿಮಕ್ಕೆ ಹೋದರೆ ಹರಿಹರ. ತುಂಗಭದ್ರೆ ದಾಟಿದರೆ ಕುಮಾರಪಟ್ಟಣದ ಗ್ರಾಸಿಂ ವಿಸ್ಕೋಸ್ ನಾರಿನ ಕಾರ್ಖಾನೆ. ನಾರು, ನೂಲು, ಬಟ್ಟೆ ಎಂಬ ಸರಪಳಿಯ ಪ್ರತಿ ಕೊಂಡಿಯಲ್ಲೂ ಇಂಗಾಲದ ಲೆಕ್ಕ ಕೇಳುವ ಕಾಲವಿದು. ನಿಜವಾದ ಗಿರಾಕಿ ನೆರೆಯಲ್ಲೇ ಇದ್ದಾನೆ, ನಾವು ಬರ್ಲಿನ್ ಕಡೆ ನೋಡುತ್ತಿದ್ದೇವೆ.

ಬೆಲೆಯ ಮಾತಿಗೆ ಹೆಚ್ಚು ಹೊತ್ತು ಬೇಡ. 2010ರಲ್ಲಿ ಕೇಂದ್ರದ ವಿದ್ಯುತ್ ನಿಯಂತ್ರಣ ಆಯೋಗ ಸಿಇಆರ್‌ಸಿ ದೇಶೀ ಆರ್‌ಇಸಿ ತಂದಾಗ ಸೌರ ಚೀಟಿಗೆ ನಿಗದಿಯಾದ ಕನಿಷ್ಠ ದರ 12,000 ರೂಪಾಯಿ, ಉಳಿದವಕ್ಕೆ 1,500. ಒಂದು ಚೀಟಿಗೆ ಸಾವಿರ ಯೂನಿಟ್. ವಿದ್ಯುತ್ ಸರಬರಾಜು ಮಾಡುವ ಎಸ್ಕಾಂಗಳು, ಇಂತಿಷ್ಟು ಹಸಿರು ವಿದ್ಯುತ್ ಕೊಳ್ಳಲೇಬೇಕೆಂಬ ಆರ್‌ಪಿಒ ಪಾಲಿಸದೆ ಕೈಚೆಲ್ಲಿದವು, ಮಾರಾಟವಾಗದ ಚೀಟಿಗಳ ರಾಶಿ ಕೋಟಿ ದಾಟಿತು. 2022ರ ಡಿಸೆಂಬರ್‌ನಲ್ಲಿ ಜಾರಿಯಾದ ಹೊಸ ನಿಯಮ ಕನಿಷ್ಠ ದರವನ್ನೇ ತೆಗೆದುಹಾಕಿತು. ಈಗ ಆ ದೇಶೀ ಚೀಟಿಯ ಬೆಲೆ ಕೆಲವು ನೂರು ರೂಪಾಯಿ, ಅಂದರೆ ಯೂನಿಟ್ಟಿಗೆ ಕೆಲವು ಹತ್ತು ಪೈಸೆ. ಇತ್ತ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ ಕೆಇಆರ್‌ಸಿ ತನ್ನ ದರ ಆದೇಶಗಳಲ್ಲಿ ಹಸಿರು ವಿದ್ಯುತ್ ಬೇಕೆನ್ನುವ ಎಚ್‌ಟಿ ಗ್ರಾಹಕರಿಗೆ ಯೂನಿಟ್ಟಿಗೆ ಹೆಚ್ಚುವರಿ 50 ಪೈಸೆ ನಿಗದಿ ಮಾಡಿತ್ತು. ದೇಶೀ ಚೀಟಿಯ ಗತಿಯೇ ಹೀಗಿರುವಾಗ ಡಾಲರ್ ಕನಸೆಂಬುದು ಮೂಗಿಗೆ ಸವರಿದ ತುಪ್ಪ.

ಯಾರೂ ಎತ್ತದ ಉದಾಹರಣೆಯೊಂದಿದೆ: ಐಸ್‌ಲ್ಯಾಂಡ್. ಅಲ್ಲಿನ ವಿದ್ಯುತ್ ಹೆಚ್ಚೂಕಡಿಮೆ ಪೂರ್ತಿ ಜಲ ಮತ್ತು ಭೂಶಾಖದ್ದು. ಕಲ್ಲಿದ್ದಲು ಸ್ಥಾವರ ಇಲ್ಲ, ಅಣು ಸ್ಥಾವರ ಇಲ್ಲ, ಯುರೋಪಿಗೆ ವಿದ್ಯುತ್ ತಂತಿಯೂ ಇಲ್ಲ. ಆದರೂ ನಮ್ಮ ಚೀಟಿಯಂಥದೇ ‘ಮೂಲದ ಖಾತರಿ’ ಪತ್ರಗಳನ್ನು ಯುರೋಪಿಗೆ ಮಾರಿದ ಮೇಲೆ ಆ ದೇಶದ ಅಧಿಕೃತ ವಿದ್ಯುತ್ ಲೆಕ್ಕದಲ್ಲಿ ಕಲ್ಲಿದ್ದಲು ಮತ್ತು ಅಣು ವಿದ್ಯುತ್ ಬಂದು ಕೂತವು. ಹಸಿರು ಬೇರೆಯವರ ಪಾಲಾದರೆ ಅವರ ಕೊಳೆ ನಮ್ಮ ಪಾಲಿಗೆ ಬರಲೇಬೇಕು, ಇಲ್ಲದಿದ್ದರೆ ಲೆಕ್ಕ ಕೂಡುವುದಿಲ್ಲ. ಅಲ್ಲಿನ ದೊಡ್ಡ ಬಳಕೆದಾರರಿಗೆ ಇದು ರುಚಿಸಲಿಲ್ಲ. ಪತ್ರ ಯುರೋಪಿಗೆ ಹೋಗಿಯಾದ ಮೇಲೂ ಅದೇ ವಿದ್ಯುತ್ತನ್ನು ತಮ್ಮದು ಹಸಿರು ಎಂದು ಹೇಳಿಕೊಳ್ಳುತ್ತಾ ಬಂದರು. ಒಂದೇ ಸೈಟನ್ನು ಇಬ್ಬರಿಗೆ ನೋಂದಣಿ ಮಾಡಿಕೊಟ್ಟಂತೆ. 2023ರ ಏಪ್ರಿಲ್‌ನಲ್ಲಿ ಯುರೋಪಿನಲ್ಲಿ ಈ ಪತ್ರಗಳನ್ನು ನೀಡುವ ಸಂಸ್ಥೆಗಳ ಒಕ್ಕೂಟ ಎಐಬಿ, ಐಸ್‌ಲ್ಯಾಂಡಿನ ಪತ್ರಗಳ ರಫ್ತನ್ನೇ ತಡೆಹಿಡಿಯಿತು. ತಡೆ ತೆರವಾಗಲು ಜೂನ್ ಬರಬೇಕಾಯಿತು.

ಅಲ್ಲಿ ಈ ಎರಡೆರಡು ಹಕ್ಕು ಸಿಕ್ಕಿಬಿದ್ದದ್ದೇಕೆ? ಮಾರಿದ ಪತ್ರವನ್ನು ಕಳೆದು ಉಳಿದದ್ದನ್ನು ಪ್ರಕಟಿಸುವ ಕಾನೂನಿತ್ತು. ನಮ್ಮಲ್ಲಿ? ಬಾತಿಯ ಮನೆಯೊಂದರ ಬೆಸ್ಕಾಂ ಬಿಲ್ಲನ್ನು ಕೈಗೆತ್ತಿಕೊಳ್ಳಿ. ಆರ್‌ಆರ್ ನಂಬರು, ಹಿಂದಿನ ಮಾಪನ, ಇಂದಿನ ಮಾಪನ, ನಿಗದಿತ ಶುಲ್ಕ, ಇಂಧನ ಹೊಂದಾಣಿಕೆ, ಶೇ 9ರ ತೆರಿಗೆ ಎಲ್ಲವೂ ಇವೆ. ಆ ಕರೆಂಟು ಶರಾವತಿಯದೋ ಪಾವಗಡದ್ದೋ ರಾಯಚೂರಿನ ಕಲ್ಲಿದ್ದಲಿನದೋ ಎನ್ನುವ ಒಂದು ಸಾಲೂ ಇಲ್ಲ. ಐಸ್‌ಲ್ಯಾಂಡಿನಲ್ಲಿ ಕಂಡದ್ದು ಇಲ್ಲಿ ಕಾಣುವುದೇ ಇಲ್ಲ. ಗಾಳಿ ಗಿರಣಿಯ ಕರೆಂಟನ್ನು ಒಪ್ಪಂದದ ದರಕ್ಕೆ ಕೊಂಡ ಎಸ್ಕಾಂ ಅದನ್ನು ಆರ್‌ಪಿಒಗೆ ಲೆಕ್ಕ ಹಿಡಿಯುತ್ತದೆ. ‘ಹಸಿರು ರಾಜ್ಯ’ ಎಂದು ಸರ್ಕಾರ ಜಾಹೀರಾತಿನಲ್ಲಿ ಹಿಡಿಯುತ್ತದೆ. ಅದೇ ಯೂನಿಟ್ಟಿನ ಮೇಲೆ ವಿದೇಶಿ ಹೆಸರಿನಲ್ಲಿ ಮೂರನೆಯ ಹಕ್ಕು ಹುಟ್ಟಿದರೆ ಅದನ್ನು ಎತ್ತಿ ತೋರಿಸುವ ದಾಖಲೆ ಗ್ರಾಹಕನ ಕೈಯಲ್ಲಿಲ್ಲ.

ಉಕ್ಕಿನ ರಫ್ತುದಾರರಿಗೆ ಯಾರಾದರೂ ಈ ಚೀಟಿಯನ್ನು ಯುರೋಪ್ ಒಕ್ಕೂಟದ ಇಂಗಾಲದ ಗಡಿ ತೆರಿಗೆಯಾದ ಸಿಬಿಎಎಂಗೆ ಮದ್ದೆಂದು ಮಾರುತ್ತಿದ್ದರೆ, ನಂಬಬೇಡಿ. 2026ರ ಜನವರಿ 1ರಿಂದ ಪೂರ್ಣವಾಗಿ ಜಾರಿಯಲ್ಲಿರುವ ಆ ಗಡಿ ತೆರಿಗೆಯಲ್ಲಿ ಉಕ್ಕಿಗೆ ಕರೆಂಟಿನ ಇಂಗಾಲ ಸದ್ಯ ಲೆಕ್ಕಕ್ಕೇ ಬರುವುದಿಲ್ಲ. ಲೆಕ್ಕಕ್ಕೆ ಬರುವ ಸಿಮೆಂಟು, ಗೊಬ್ಬರಕ್ಕೂ ಅವರು ಕೇಳುವುದು ಸ್ಥಾವರದೊಂದಿಗೆ ನೇರ ತಂತಿ ಇಲ್ಲವೇ ಖರೀದಿ ಒಪ್ಪಂದ.

ಆತುರ ಬೇಡ ಎನ್ನಲು ಇನ್ನೊಂದು ಕಾರಣವಿದೆ. ಬಳಸಿದ ಗಂಟೆಯಲ್ಲೇ ಉತ್ಪಾದನೆಯಾದ, ಆ ಗ್ರಿಡ್‌ಗೆ ತಲುಪಬಲ್ಲ ವಿದ್ಯುತ್ತಿನ ಚೀಟಿಗೆ ಮಾತ್ರ ಬೆಲೆ ಎನ್ನುವ ತಿದ್ದುಪಡಿಯನ್ನು ಜಿಎಚ್‌ಜಿ ಪ್ರೋಟೊಕಾಲ್ 2025ರ ಅಕ್ಟೋಬರ್‌ನಲ್ಲಿ ಚರ್ಚೆಗಿಟ್ಟಿತು. ಅದು ಜಾರಿಯಾದರೆ ಮಧ್ಯಾಹ್ನದ ಸೌರ ಚೀಟಿಯಿಂದ ರಾತ್ರಿ ಪಾಳಿ ನಡೆಯದು. ಆಗ ಬೆಲೆ ಬರುವುದು ಚಿತ್ರದುರ್ಗದ ಮುಂಗಾರು ಗಾಳಿಗೆ, ಕಬ್ಬು ಅರೆಯುವ ಹಂಗಾಮಿನಲ್ಲಿ ಹಗಲಿರುಳು ಸಿಪ್ಪೆ ಸುಟ್ಟು ವಿದ್ಯುತ್ ತೆಗೆಯುವ ದಾವಣಗೆರೆ ಬಳಿಯ ಕುಕ್ಕುವಾಡದಂಥ ಸಕ್ಕರೆ ಕಾರ್ಖಾನೆಗೆ. ಆ ಹಕ್ಕನ್ನು ಇಂದಿನ ಪುಡಿಗಾಸಿಗೆ ಹತ್ತು ವರ್ಷಕ್ಕೆ ಬರೆದುಕೊಟ್ಟವರು ಆಮೇಲೆ ಕೈ ಹಿಸುಕಿಕೊಳ್ಳಬೇಕಾಗುತ್ತದೆ.

ಕರ್ನಾಟಕದಲ್ಲಿ ಹುಟ್ಟಿದ ಚೀಟಿ ಎಲ್ಲಿ, ಯಾರ ಹೆಸರಿನಲ್ಲಿ ಬಳಕೆಯಾಗಿ ರದ್ದಾಯಿತೆಂದು ವರ್ಷಕ್ಕೊಮ್ಮೆ ಪ್ರಕಟವಾಗಲಿ. ಅಷ್ಟನ್ನು ಕಳೆದು ಉಳಿದ ವಿದ್ಯುತ್ತಿನ ಮೂಲವನ್ನು ಪ್ರತಿ ಬಿಲ್ಲಿನ ಹಿಂದೆ ಮುದ್ರಿಸಲಿ. ಬಿಲ್ಲಿನಲ್ಲಿ ಏನಿರಬೇಕೆಂದು ಹೇಳುವ ಪೂರೈಕೆ ಸಂಹಿತೆ, 2003ರ ವಿದ್ಯುತ್ ಕಾಯ್ದೆಯ 50ನೇ ಕಲಮಿನ ಪ್ರಕಾರ ರಾಜ್ಯ ಆಯೋಗದ್ದೇ. ಕೆಇಆರ್‌ಸಿ ಇದಕ್ಕಾಗಿ ದೆಹಲಿಯತ್ತ ನೋಡಬೇಕಿಲ್ಲ.