ಫ್ರೇಮ್‌ವರ್ಕ್ ಬದಲಿಸೋ ಚಟ

ಇಲ್ಲಿ ಬರೆದು ಬಹಳ ದಿನ ಆಯ್ತು. ಕೆಲಸ ಜಾಸ್ತಿ ಅನ್ನೋದು ಎಲ್ಲರೂ ಹೇಳೋ ನೆಪ, ನಾನೂ ಅದನ್ನೇ ಹೇಳ್ತೀನಿ :) ಆದ್ರೆ ಹೋದ ವಾರ ಆಫೀಸಿನಲ್ಲಿ ನಡೆದ ಒಂದು ಮೀಟಿಂಗ್ ಆದ ಮೇಲೆ ಸುಮ್ಮನಿರೋಕೆ ಆಗ್ತಿಲ್ಲ. ನಿಮ್ಮಲ್ಲಿ ಅರ್ಧಕ್ಕರ್ಧ ಜನ ಹೊಟ್ಟೆಪಾಡಿಗೆ ಕೋಡ್ ಬರೆದು ರಾತ್ರಿ ಕನ್ನಡ ಬರೆಯೋರೇ ಆದ್ದರಿಂದ ನಿಮ್ಮ ಹತ್ರವೇ ಹೇಳ್ಕೊಳ್ತೀನಿ.

ನಮ್ಮ ತಂಡದ ಹೊಸ ಹುಡುಗ, ಜಾಣ, ಒಂದು ಪ್ರಸ್ತಾಪ ತಂದಿದ್ದ. ಈಗಿರೋ ರಿಯಾಕ್ಟ್ ಬಿಟ್ಟು ಸ್ವೆಲ್ಟ್‌ಗೆ ಹೋಗೋಣ ಅಂತ. ಯಾಕಪ್ಪಾ ಅಂದ್ರೆ "ರಿಯಾಕ್ಟ್ ಹಳೇದಾಯ್ತು ಸಾರ್" ಅಂದ. ನನಗೆ ಬೆನ್ನಲ್ಲಿ ಚಳಿ ಹತ್ತಿತು. ಇದೇ ಮಾತು, ಇದೇ ರಾಗದಲ್ಲಿ, 2019ರಲ್ಲಿ ನಾನೇ ಹೇಳಿದ್ದೆ. ಆಗ ಹಳೇದಾಗಿದ್ದು ಆಂಗ್ಯುಲರ್‌ಜೆಎಸ್, ಹೊಸದು ಇದೇ ರಿಯಾಕ್ಟ್!

ಕಥೆ ಇಷ್ಟು. ನಮ್ಮದು ಹಾಲಿನ ಸೊಸೈಟಿಗಳ ಲೆಕ್ಕ ಇಡೋ ತಂತ್ರಾಂಶ. ಸದಸ್ಯರ ಹೆಸರು, ದಿನಾ ಹಾಕಿದ ಹಾಲು, ಫ್ಯಾಟು, ಬಟವಾಡೆ, ವರ್ಷದ ಬೋನಸ್ಸು, ಎಲ್ಲ ಕನ್ನಡದಲ್ಲೇ. 2014ರಲ್ಲಿ ಆಂಗ್ಯುಲರ್‌ಜೆಎಸ್‌ನಲ್ಲಿ ಬರೆದಿದ್ದು. ಅದರಲ್ಲಿ ದೋಷ ಇರಲಿಲ್ಲ ಅಂತಲ್ಲ. ಆ ಫ್ರೇಮ್‌ವರ್ಕ್ ಪುಟದಲ್ಲಿರೋ ಪ್ರತಿಯೊಂದು ಕಟ್ಟಿಹಾಕಿದ ಮೌಲ್ಯವನ್ನೂ "ನೀನು ಬದಲಾದೆಯಾ, ನೀನು ಬದಲಾದೆಯಾ" ಅಂತ ಕೇಳುತ್ತಾ ಸುತ್ತು ಹೊಡೆಯುತ್ತೆ. ಇಪ್ಪತ್ತು ಸಾಲಿದ್ರೆ ಗೊತ್ತಾಗಲ್ಲ. ಒಂದೂವರೆ ಸಾವಿರ ಸದಸ್ಯರ ಪಟ್ಟಿಯ ಪುಟ ಮಾತ್ರ ಒಂದಕ್ಷರ ಒತ್ತಿದ್ರೆ ಆಕಳಿಸಿ ಏಳೋದು. ಆ ಒಂದು ಪುಟ ನಿಧಾನ ಇತ್ತು. ಉಳಿದ ಮೂವತ್ತು ಚಿಲ್ಲರೆ ಪುಟಗಳು ಚೆನ್ನಾಗೇ ಇದ್ವು.

ಜೊತೆಗೆ ಇನ್ನೊಂದು ನಿಜವಾದ ಕಾರಣಾನೂ ಇತ್ತು, ಅದನ್ನ ಮುಚ್ಚಿಡಲ್ಲ. ಗೂಗಲ್‌ನವರು 2014ರ ಅಕ್ಟೋಬರ್‌ನಲ್ಲಿ ಪ್ಯಾರಿಸ್ಸಿನ ಸಮ್ಮೇಳನದಲ್ಲಿ ಆಂಗ್ಯುಲರ್ 2 ತೋರಿಸಿದಾಗ ಅದು ಹಳೆಯದರ ಮುಂದಿನ ಆವೃತ್ತಿ ಆಗಿರಲೇ ಇಲ್ಲ, ಹೆಸರು ಮಾತ್ರ ಉಳಿಸಿಕೊಂಡ ಬೇರೆಯದೇ ವಸ್ತು. ಹೊರಗೆ ಬಂದಿದ್ದು 2016ರ ಸೆಪ್ಟೆಂಬರ್‌ನಲ್ಲಿ. ಹಳೆಯದಕ್ಕೆ ಬೆಂಬಲ 2021ರ ಜೂನ್‌ವರೆಗೆ ಅಂದಿದ್ದರು, ಕೊರೊನಾ ಬಂದಿದ್ದಕ್ಕೆ ಆ ವರ್ಷದ ಡಿಸೆಂಬರ್ 31ರವರೆಗೆ ಎಳೆದರು. ಆಮೇಲೆ ಭದ್ರತೆಯ ತೂತು ಬಿದ್ರೂ ಅವರು ಮುಚ್ಚಲ್ಲ. ಅಂದ್ರೆ ಯಾವತ್ತೋ ಒಂದು ದಿನ ಬಿಡಲೇಬೇಕಿತ್ತು. ಒಪ್ಪಿದೆ.

ಆದ್ರೆ ನಾವು 2019ರಲ್ಲಿ ಕೂತು ಮಾಡಿದ ತೀರ್ಮಾನಕ್ಕೂ ಇದಕ್ಕೂ ಸಂಬಂಧ ಇರಲಿಲ್ಲ ಸ್ವಾಮಿ! ಆ ಮೀಟಿಂಗಿನಲ್ಲಿ ಭದ್ರತೆ ಅನ್ನೋ ಪದ ಯಾರ ಬಾಯಲ್ಲೂ ಬರಲಿಲ್ಲ. ಬಂದಿದ್ದು ಇಷ್ಟು: ಹೊಸ ಹುಡುಗರು ಸಿಗಲ್ಲ, ಎಲ್ಲರೂ ರಿಯಾಕ್ಟ್ ಮಾಡ್ತಿದಾರೆ, ಕೋಡ್ ಗಲೀಜಾಗಿದೆ. ಯಾರೂ ಹೇಳದ, ಆದ್ರೆ ಎಲ್ಲರ ತಲೆಯಲ್ಲೂ ಇದ್ದ ನಾಲ್ಕನೇ ಕಾರಣ ಇನ್ನೊಂದಿತ್ತು. ನಮ್ಮ ರೆಸ್ಯೂಮೆಯಲ್ಲಿ ಆ ಪದ ಬೇಕಿತ್ತು. ನನ್ನದರಲ್ಲೂ. ಕೈ ಎತ್ತಿದವರಲ್ಲಿ ನಾನೇ ಮೊದಲಿಗ. ಗಿರಾಕಿಯ ದುಡ್ಡಲ್ಲಿ ನಮ್ಮ ಟ್ಯೂಷನ್!

ನಾಲ್ಕು ತಿಂಗಳು ಅಂದ್ವಿ, ಹದಿನಾಲ್ಕಾಯ್ತು. ಅದು ಹಾಳಾಗಿ ಹೋಗಲಿ, ಯಾವ ಪ್ರಾಜೆಕ್ಟ್ ಹೇಳಿದ ದಿನಕ್ಕೆ ಮುಗಿದಿದೆ? ನನ್ನ ತಕರಾರು ಬೇರೆ.

ಹಳೆಯ ಕೋಡಿನಲ್ಲಿ "ಗಲೀಜು" ಅಂತ ನಾವು ಮೂಗು ಮುರಿದ ಒಂದು ಫೈಲ್ ಇತ್ತು. ಸುಮಾರು ಆರುನೂರು ಸಾಲು, ತುಂಬಾ ಇಫ್‌ಗಳು. ಬರೆದವರು ನಮ್ಮಲ್ಲಿದ್ದ ಒಬ್ಬ ಹಿರಿಯರು. ಕಾಲೇಜಿನಲ್ಲಿ ಗಣಕ ವಿಜ್ಞಾನ ಓದಿದವರಲ್ಲ, ಡಿಟಿಪಿ ಮಾಡ್ತಾ ಮಾಡ್ತಾ ಕೋಡ್ ಕಲಿತವರು. "ರಿಯಾಕ್ಟ್ ಕಲಿಯೋಕೆ ಈ ವಯಸ್ಸಲ್ಲಿ ನನ್ ಕೈಲಾಗಲ್ಲ ಕಣ್ರಯ್ಯಾ" ಅಂತ ನಗುತ್ತಾ ಹೇಳಿ ಮಧ್ಯದಲ್ಲೇ ಬಿಟ್ಟುಹೋದರು. ನಾವು ಕೇಕ್ ಕಟ್ ಮಾಡಿ ಕಳಿಸಿದ್ವಿ. ಫೈಲನ್ನು ತೆಗೆದುನೋಡುವ ವ್ಯವಧಾನ ಯಾರಿಗೂ ಇರಲಿಲ್ಲ, ಯಾಕಂದ್ರೆ ನಾವು "ಕ್ಲೀನ್" ಆಗಿ ಮೊದಲಿನಿಂದ ಬರೀತಿದ್ವಲ್ಲ.

ಆ ಆರುನೂರು ಸಾಲಿನಲ್ಲಿ ಇದ್ದಿದ್ದು ಕನ್ನಡ.

ಚಿಕ್ಕಲಕ್ಷ್ಮಮ್ಮ ಅನ್ನೋ ಹೆಸರು ತಗೊಳ್ಳಿ. ನಿಮ್ಮ ಕಣ್ಣಿಗೆ ಐದಕ್ಷರ. ಜಾವಾಸ್ಕ್ರಿಪ್ಟಿಗೆ ಹದಿನಾಲ್ಕು, ಯಾಕಂದ್ರೆ ಯೂನಿಕೋಡ್‌ನಲ್ಲಿ ಸ್ವರಚಿಹ್ನೆ, ಹಲಂತ ಎಲ್ಲಕ್ಕೂ ಒಂದೊಂದು ಲೆಕ್ಕ. ಚಿಕ್ಕ ಮೊಬೈಲಿನಲ್ಲಿ ಜಾಗ ಸಾಲದು ಅಂತ ಹತ್ತಕ್ಕೆ ಕತ್ತರಿಸಿದ್ರೆ ತೆರೆಯ ಮೇಲೆ ಉಳಿಯೋದು "ಚಿಕ್ಕಲಕ್ಷ್". ಅಮ್ಮನೂ ಇಲ್ಲ, ಲಕ್ಷ್ಮಿಯೂ ಇಲ್ಲ. ಆ ಹಿರಿಯರ ಕೋಡ್ ಒತ್ತಕ್ಷರದ ನಡುವೆ ಕತ್ತರಿ ಹಾಕದ ಹಾಗೆ ನೋಡಿಕೊಳ್ತಿತ್ತು.

ಆಮೇಲೆ ಅಕಾರಾದಿ. ಯೂನಿಕೋಡ್ ಪಟ್ಟಿಯಲ್ಲಿ ಲ ಆದ ತಕ್ಷಣ ಳ, ಅದಾದ ಮೇಲೆ ವ. ನಾವು ಶಾಲೆಯಲ್ಲಿ ಕಲಿತ ವರ್ಣಮಾಲೆಯಲ್ಲಿ ಳ ಕೊನೆಗೆ, ಹ ಆದಮೇಲೆ. ಕಂಪ್ಯೂಟರಿನ ಸಂಕೇತದ ಕ್ರಮವನ್ನೇ ನಂಬಿ ಜೋಡಿಸಿದ್ರೆ ಕಾಳಯ್ಯ ಕಾವೇರಿಗಿಂತ ಮೊದಲು ಬರ್ತಾನೆ. ರಿಜಿಸ್ಟರ್ ಪುಸ್ತಕ ಪಕ್ಕಕ್ಕಿಟ್ಟುಕೊಂಡು ತಾಳೆ ನೋಡೋ ಕಾರ್ಯದರ್ಶಿಗೆ ಇದು ದಿನಾ ಕಿರಿಕಿರಿ. ಅದಕ್ಕೂ ಒಂದು ಕೋಷ್ಟಕ ಇತ್ತು ಅಲ್ಲಿ.

ಎಲ್ಲಕ್ಕಿಂತ ದೊಡ್ಡದು ಹುಡುಕಾಟ. ರಾಜ್‌ಕುಮಾರ್ ಅಂತ ಸರಿಯಾಗಿ ಕಾಣಬೇಕಾದ್ರೆ ಜ್ ಆದ ಮೇಲೆ ಕಣ್ಣಿಗೆ ಕಾಣದ ಒಂದು ಅಕ್ಷರ ಇರಬೇಕು, ಇಲ್ಲದಿದ್ರೆ ಜ ಅಡಿಗೆ ಕ ಒತ್ತು ಬಿದ್ದು ರಾಜ್ಕುಮಾರ್ ಆಗುತ್ತೆ. ಒಬ್ಬರ ಕೀಲಿಮಣೆ ಅದನ್ನ ಹಾಕುತ್ತೆ, ಇನ್ನೊಬ್ಬರದು ಹಾಕಲ್ಲ. ಸೂರ್ಯ ಅಂತ ಅರ್ಕಾವತ್ತು ಕೊಟ್ಟು ಬರೆಯೋರೂ ಇದಾರೆ, ಸೂರ‍್ಯ ಅಂತ ಬರೆಯೋರೂ ಇದಾರೆ. ಓದುವ ಮನುಷ್ಯನಿಗೆ ಎರಡೂ ಒಂದೇ. ಯಂತ್ರಕ್ಕೆ ಬೇರೆ ಬೇರೆ. ಹಳೆಯ ಫೈಲ್ ಹುಡುಕುವ ಮುಂಚೆ ಆ ಕಾಣದ ಅಕ್ಷರಗಳನ್ನೆಲ್ಲ ಕಿತ್ತುಹಾಕಿ ಹೋಲಿಸ್ತಿತ್ತು. ಇಂಥವಕ್ಕೆಲ್ಲ ಯಾರೂ ಮೊದಲೇ ಯೋಚಿಸಿ ವಿನ್ಯಾಸ ಮಾಡಿರಲಿಲ್ಲ. ಯಾವುದೋ ಊರಿಂದ ಒಂದು ಫೋನು, ಒಂದು ಬೈಗುಳ, ಒಂದು ಇಫ್. ಹಾಗೆ ಐದು ವರ್ಷ.

ಹೊಸದು 2021ರಲ್ಲಿ ಹೊರಬಂತು. ನೋಡೋಕೆ ಚೆಂದ. ಆಮೇಲೆ ಒಂದು ಊರಿನ ಕಾರ್ಯದರ್ಶಿ ಫೋನ್ ಮಾಡಿದರು. ಒಬ್ಬ ರೈತನ ಹೆಸರು ಹುಡುಕಿದ್ರೆ ಸಿಗಲಿಲ್ಲವಂತೆ, ಇಲ್ಲ ಅಂದುಕೊಂಡು ಹೊಸದಾಗಿ ಸೇರಿಸಿದ್ದಾರೆ. ಈಗ ಒಬ್ಬನೇ ಮನುಷ್ಯ ಎರಡು ಸದಸ್ಯ. ಅರ್ಧ ವರ್ಷದ ಹಾಲು ಒಂದರಲ್ಲಿ, ಉಳಿದರ್ಧ ಇನ್ನೊಂದರಲ್ಲಿ. ಬೋನಸ್ ಬಂದಿದ್ದು ಅರ್ಧ. "ನಿಮ್ ಕಂಪ್ಯೂಟರ್ ನನ್ನ ಹಾಲು ಕುಡೀತಾ?" ಅಂತ ಆತ ಸೊಸೈಟಿ ಮುಂದೆ ನಿಂತು ಕೇಳಿದ್ದಾನೆ. ಕಾರ್ಯದರ್ಶಿಯ ಮೇಲೆ ದುಡ್ಡು ನುಂಗಿದ ಅನುಮಾನ ಬಂದು ಊರಲ್ಲಿ ಪಂಚಾಯ್ತಿ ಆಗಿದೆ. ಹುಡುಕಿದಾಗ ಅಂಥ ಜೋಡಿ ಹೆಸರುಗಳು ಬೇರೆ ಊರುಗಳಲ್ಲೂ ಸಿಕ್ಕವು. ರಿಪೇರಿ ಮಾಡಿದ್ದು ಹೇಗೆ ಗೊತ್ತಾ? ಹಳೆಯ ಫೈಲನ್ನೇ ಹುಡುಕಿ ತಂದು ಅಂಟಿಸಿದ್ವಿ. ಅದರಲ್ಲಿ ಫ್ರೇಮ್‌ವರ್ಕಿನ ಒಂದು ಸಾಲೂ ಇರಲಿಲ್ಲ, ಬರೀ ಸಾದಾ ಜಾವಾಸ್ಕ್ರಿಪ್ಟ್. ಮೊದಲ ದಿನವೇ ಹಾಗೇ ಎತ್ತಿ ತರಬಹುದಿತ್ತು!

ನೆಟ್‌ಸ್ಕೇಪ್ ನೆನಪಿದೆಯಾ? ಸೈಬರ್ ಕೆಫೆಯಲ್ಲಿ ಗಂಟೆಗಿಷ್ಟು ಅಂತ ಕೊಟ್ಟು ಕೂತವರಿಗೆ ಇರುತ್ತೆ. 1997ರಲ್ಲಿ 4.0 ಬಿಟ್ಟವರು ಹಳೇ ಕೋಡ್ ಬಿಸಾಕಿ ಹೊಸದಾಗಿ ಬರೆಯೋಕೆ ಕೂತರು. 5.0 ಬರಲೇ ಇಲ್ಲ, 6.0 ಬಂದಿದ್ದು 2000ದ ನವೆಂಬರ್‌ನಲ್ಲಿ. ಅಷ್ಟರೊಳಗೆ ಊರೆಲ್ಲ ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಪಾಲು. ಜೋಯೆಲ್ ಸ್ಪೋಲ್ಸ್ಕಿ ಅದೇ ವರ್ಷ ಏಪ್ರಿಲ್‌ನಲ್ಲೇ ಇದು ಕಂಪನಿಯೊಂದು ಮಾಡಬಹುದಾದ ಅತಿ ಕೆಟ್ಟ ತಪ್ಪು ಅಂತ ಬರೆದಿದ್ದರು. (ಆ ಬೂದಿಯಿಂದಲೇ ಮುಂದೆ ಫೈರ್‌ಫಾಕ್ಸ್ ಎದ್ದಿತು ಅಂತ ನೀವು ಹೇಳ್ತೀರಿ, ಗೊತ್ತು. ಆದ್ರೆ ಅದು 2004ರಲ್ಲಿ, ನೆಟ್‌ಸ್ಕೇಪ್ ಮನೆ ಖಾಲಿಯಾದ ಮೇಲೆ.)

"ಹಾಗಾದ್ರೆ ಹಳೇದರಲ್ಲೇ ಕೊಳೀಬೇಕಾ?" ಅಂತ ಕೇಳೋರು ಇರ್ತಾರೆ. ಇಲ್ಲ. ನಾವೆಲ್ಲ ನುಡಿ, ಬರಹದ ಹಳೇ ಫಾಂಟುಗಳನ್ನ ಬಿಟ್ಟು ಯೂನಿಕೋಡಿಗೆ ಬಂದವರೇ ಅಲ್ವಾ? ಅದೂ ವಲಸೆಯೇ. ಎಷ್ಟು ಕಷ್ಟಪಟ್ವಿ, ತುಂಗಾ ಫಾಂಟಿನಲ್ಲಿ ಒತ್ತುಗಳು ಕಲಸಿಹೋದ್ರೂ ಸಹಿಸಿಕೊಂಡ್ವಿ. ಆದ್ರೆ ಅಲ್ಲಿ ಓದುಗನಿಗೆ ಏನೋ ಸಿಕ್ಕಿತು: ಫಾಂಟ್ ಇಳಿಸಿಕೊಳ್ಳದೆ ಓದೋದು, ಗೂಗಲ್‌ನಲ್ಲಿ ಕನ್ನಡದಲ್ಲೇ ಹುಡುಕೋದು. ಆಂಗ್ಯುಲರ್‌ಜೆಎಸ್‌ನಿಂದ ರಿಯಾಕ್ಟಿಗೆ ಹೋಗಿ ಆ ಕಾರ್ಯದರ್ಶಿಗೆ ನಾವು ಕೊಟ್ಟಿದ್ದೇನು? ಒಂದು ಪುಟ ಬೇಗ ತೆರೆಯಿತು. ಆ ಒಂದು ಪುಟವನ್ನಷ್ಟೇ ರಿಯಾಕ್ಟಿನಲ್ಲಿ ಬರೆದು ಹಳೆಯದರ ಒಳಗೇ ಒಂದು ಡಿವ್‌ನಲ್ಲಿ ಕೂರಿಸಬಹುದಿತ್ತು, ಎರಡೂ ಒಟ್ಟಿಗೆ ಬಾಳ್ತವೆ. ಆಮೇಲೆ ತಿಂಗಳಿಗೊಂದು ಪುಟದ ಹಾಗೆ ಹೋಗಿದ್ರೂ ಬೆಂಬಲ ನಿಲ್ಲೋ ಹೊತ್ತಿಗೆ ಮುಕ್ಕಾಲು ದಾರಿ ಸವೆದಿರ್ತಿತ್ತು. ಆದ್ರೆ ಅದಕ್ಕೆ ಉದ್ಘಾಟನೆ ಇಲ್ಲ, ಕೇಕ್ ಇಲ್ಲ, ರೆಸ್ಯೂಮೆಯಲ್ಲಿ ಬರೆಯೋಕೆ ದಪ್ಪ ಅಕ್ಷರದ ಸಾಲೂ ಇಲ್ಲ.

ಇನ್ನು ಹೊಸದು ಹೊಸದಾಗೇ ಉಳಿಯಿತಾ? ನಾವು ಕ್ಲಾಸ್ ಬರೆಯೋಕೆ ಶುರುಮಾಡಿದ ವರ್ಷವೇ, 2019ರ ಫೆಬ್ರವರಿಯಲ್ಲಿ, ಹುಕ್ಸ್ ಬಂದಿತ್ತು. ನಮ್ಮ ಹೊಸ ಕೋಡ್ ಹುಟ್ಟುವಾಗಲೇ ಹಳೇ ಶೈಲಿ. ಹಳೇ ಕ್ಲಾಸುಗಳು ಇವತ್ತಿಗೂ ಓಡ್ತವೆ, ಆ ಮಟ್ಟಿಗೆ ರಿಯಾಕ್ಟಿನವರು ಮರ್ಯಾದಸ್ಥರು. ಆದ್ರೆ ನಾವು ಪ್ರಾಜೆಕ್ಟ್ ಶುರುಮಾಡಿದ ಕ್ರಿಯೇಟ್ ರಿಯಾಕ್ಟ್ ಆ್ಯಪ್ ಅನ್ನೋ ಸಲಕರಣೆಯನ್ನ 2025ರ ಫೆಬ್ರವರಿಯಲ್ಲಿ ಅವರೇ ಬೇಡ ಅಂದುಬಿಟ್ಟರು.

ಮೀಟಿಂಗಿನಲ್ಲಿ ಆ ಹುಡುಗನಿಗೆ ನಾನು ಇಷ್ಟೆಲ್ಲ ಹೇಳಲಿಲ್ಲ. ಸ್ವೆಲ್ಟ್ ಕೆಟ್ಟದ್ದು ಅಂತಲೂ ಅನ್ನಲಿಲ್ಲ, ಮನೆಯಲ್ಲಿ ಆಡಿ ನೋಡಿದೀನಿ, ಚೆನ್ನಾಗೇ ಇದೆ. ಎರಡು ವಿಷಯ ಕೇಳಿದೆ. ಇದರಿಂದ ಸೊಸೈಟಿಯಲ್ಲಿ ಬೆಳಗ್ಗೆ ಆರಕ್ಕೆ ಕ್ಯಾನ್ ಮುಂದೆ ಕೂರೋ ಮನುಷ್ಯನಿಗೆ ಏನು ಸಿಗುತ್ತೆ? ಉತ್ತರ ಬರಲಿಲ್ಲ. ಆಮೇಲೆ ಒಂದು ಹೆಸರುಪಟ್ಟಿ ಕೊಟ್ಟೆ: ಚಿಕ್ಕಲಕ್ಷ್ಮಮ್ಮ, ಕಾಳಯ್ಯ, ಕಾವೇರಿ, ಎರಡು ಥರದ ರಾಜ್‌ಕುಮಾರ್, ಎರಡು ಥರದ ಸೂರ್ಯನಾರಾಯಣ... ಒಟ್ಟು ನಲವತ್ತೊಂದು. ಇವನ್ನ ಹುಡುಕಿ, ಜೋಡಿಸಿ, ಕತ್ತರಿಸಿ ತೋರಿಸೋ ಒಂದೇ ಒಂದು ಪುಟ ಮಾಡಿಕೊಂಡು ಬಾ, ಆಮೇಲೆ ಉಳಿದ ಮಾತು ಅಂದೆ.

ನಿನ್ನೆ ಸಂಜೆ ನನ್ನ ಡೆಸ್ಕ್ ಹತ್ರ ಬಂದಿದ್ದ. "ಸಾರ್, ಈ ಎರಡು ರಾಜ್‌ಕುಮಾರ್‌ಗೂ ಏನ್ ವ್ಯತ್ಯಾಸ, ಒಂದೇ ಥರ ಇದಾವಲ್ಲ?" ಅಂದ. ಕುರ್ಚಿ ಎಳೆದುಕೊಂಡು ಕೂರು ಅಂದೆ.